ನೀರಿನೊಳಗೆ ಮುಖಗವಸು ಕಳಚಿದಾಗ

ಕಲಬುರಗಿಯಿಂದ ಅಫಜಲಪುರಕ್ಕೆ ಹೋಗುವ ಹಾದಿಯಲ್ಲಿ ಚೌಡಾಪುರವೆಂಬ ಊರಿದೆ. ದೇವಲ ಗಾಣಗಾಪುರದ ದತ್ತಕ್ಷೇತ್ರಕ್ಕೆ ಹೋಗುವವರು ಇಲ್ಲಿಂದಲೇ ತಿರುಗಿಕೊಳ್ಳುತ್ತಾರೆ. ಭೀಮಾ ಮತ್ತು ಅಮರಜಾ ನದಿಗಳು ಕೂಡುವ ಅಲ್ಲಿನ ಸಂಗಮದಲ್ಲಿ ಸ್ನಾನ ಮಾಡುವವರನ್ನು ಸ್ವಲ್ಪ ಹೊತ್ತು ಗಮನಿಸಿದರೆ ಒಂದು ಸಂಗತಿ ಎದ್ದು ಕಾಣುವುದು. ಹೆಚ್ಚಿನವರು ಎರಡು ಬೆರಳುಗಳಿಂದ ಮೂಗನ್ನು ಒತ್ತಿ ಹಿಡಿದು, ಉಸಿರು ಕಟ್ಟಿ, ನೀರಿನಲ್ಲಿ ಮುಳುಗಿ, ಥಟ್ಟನೆ ಮೇಲೇಳುತ್ತಾರೆ. ಸುತ್ತಲಿನ ಹಳ್ಳಿಗಳ ಬಾವಿಗಳಲ್ಲಿ ಧುಮುಕಿ ಈಜು ಕಲಿಯುವ ಹುಡುಗರಿಗೂ ಹಿರಿಯರು ಹೇಳಿಕೊಡುವ ಪಾಠ ಇದೇ: ಮೂಗಿಗೆ ನೀರು ಹೋಗಗೊಡಬೇಡ, ಉಸಿರು ಬಿಡಬೇಡ, ಬೇಗ ಮೇಲೆ ಬಾ.

ನದಿಗೂ ಬಾವಿಗೂ ಈ ಪಾಠ ಸರಿಯಾದುದೇ. ಆದರೆ ಬೆನ್ನಿಗೆ ಗಾಳಿಯ ಸಿಲಿಂಡರನ್ನು ಕಟ್ಟಿಕೊಂಡು ಸಮುದ್ರಕ್ಕಿಳಿದವನಿಗೆ ಈ ಮೂರರಲ್ಲಿ ಒಂದು ಮಾತ್ರ ಹಿತಕರ, ಉಳಿದೆರಡು ಪ್ರಾಣಾಂತಿಕವಾಗಬಲ್ಲವು. ಮುಖದ ಮೇಲಿನ ಗಾಜಿನ ಗವಸು, ಅಂದರೆ ಎಲ್ಲರೂ ಮಾಸ್ಕು ಎಂದು ಕರೆಯುವ ಸಾಧನ, ನೀರಿನೊಳಗೆ ಇದ್ದಕ್ಕಿದ್ದಂತೆ ಕಳಚಿಹೋದ ಕ್ಷಣದಲ್ಲಿ ಈ ವ್ಯತ್ಯಾಸವು ಅತ್ಯಂತ ಸ್ಪಷ್ಟವಾಗಿ ಕಾಣಬರುವುದು.

ಸಮುದ್ರವೇ ಕಾಣದ ನಮ್ಮ ಸೀಮೆಗೂ ಈ ವಿಷಯಕ್ಕೂ ಏನು ಸಂಬಂಧವೆಂದು ಓದುಗರು ಕೇಳಬಹುದು. ಸಂಬಂಧವಿದೆ. ಉತ್ತರ ಕನ್ನಡ ಜಿಲ್ಲೆಯ ಮುರುಡೇಶ್ವರಕ್ಕೆ ಪ್ರವಾಸ ಹೋಗುವ ನಮ್ಮ ಕಡೆಯ ತರುಣರು ಈಗ ದೇವರ ದರ್ಶನ ಮಾಡಿಕೊಂಡು ಹಿಂದಿರುಗುವುದಷ್ಟೇ ಅಲ್ಲ. ದೋಣಿ ಹತ್ತಿ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪದ ಬಳಿ ಹವಳ, ಮೀನುಗಳನ್ನು ನೋಡಲು ನೀರಿಗಿಳಿಯುತ್ತಾರೆ. ಮಳೆಗಾಲ ಕಳೆದು ಕಡಲು ಶಾಂತವಾದ ತಿಂಗಳುಗಳಲ್ಲಿ ಅಲ್ಲಿ ಈ ವ್ಯವಸ್ಥೆ ನಡೆಯುವುದು. 2022ರಲ್ಲಿ ತೆರೆಕಂಡ ‘ಗಂಧದ ಗುಡಿ’ ಚಿತ್ರದಲ್ಲಿ ಪುನೀತ್ ರಾಜಕುಮಾರ್ ಅವರು ನೇತ್ರಾಣಿಯ ನೀರಿನೊಳಗೆ ಇಳಿದುದನ್ನು ಕಂಡ ಮೇಲೆ ಈ ಆಸೆ ಇನ್ನಷ್ಟು ಮನೆಗಳನ್ನು ಹೊಕ್ಕಿತು. ತರಗತಿಯಲ್ಲಿ ಬಾಯ್ಲನ ನಿಯಮವನ್ನು ಬಾಯಿಪಾಠ ಮಾಡಿದ ವಿದ್ಯಾರ್ಥಿಯೇ ರಜೆಯಲ್ಲಿ ಅದರ ನಡುವೆ ಇಳಿದು ನಿಲ್ಲುವಾಗ, ಆ ನಿಯಮವು ತನ್ನ ಶ್ವಾಸಕೋಶಕ್ಕೂ ಅನ್ವಯಿಸುವುದೆಂಬ ಅರಿವು ಅವನಿಗಿರುವುದು ಒಳ್ಳೆಯದು.

ಮೊದಲು ಸಲಕರಣೆಯ ಪರಿಚಯ ಮಾಡಿಕೊಳ್ಳೋಣ. ಫ್ರಾನ್ಸ್ ದೇಶದ ನೌಕಾಧಿಕಾರಿ ಜಾಕ್ ಕೂಸ್ತೊ ಮತ್ತು ಎಂಜಿನಿಯರ್ ಎಮಿಲ್ ಗಾನ್ಯಾಂ ಇವರು 1943ರಲ್ಲಿ ರೂಪಿಸಿದ ಉಪಕರಣವೇ ಇಂದಿನ ಸ್ಕೂಬಾ ಸಾಧನಗಳ ಮೂಲ. ಸಿಲಿಂಡರಿನಲ್ಲಿ ಅತಿ ಒತ್ತಡದಲ್ಲಿ ತುಂಬಿದ ಗಾಳಿಯನ್ನು ರೆಗ್ಯುಲೇಟರ್ ಎಂಬ ಕವಾಟವು ಸುತ್ತಲಿನ ನೀರಿನ ಒತ್ತಡಕ್ಕೆ ಸರಿಸಮವಾಗಿ ಇಳಿಸಿ, ಮುಳುಗುಗಾರನು ಉಸಿರೆಳೆದಾಗ ಮಾತ್ರ ಅವನ ಬಾಯಿಗೆ ಒದಗಿಸುವುದು. ಇಲ್ಲಿ ‘ಬಾಯಿಗೆ’ ಎಂಬ ಮಾತನ್ನು ಗುರುತಿಟ್ಟುಕೊಳ್ಳಬೇಕು. ಸಾಮಾನ್ಯ ಸ್ಕೂಬಾ ಮಾಸ್ಕು ಕಣ್ಣನ್ನೂ ಮೂಗನ್ನೂ ಮುಚ್ಚುವುದೇ ಹೊರತು ಬಾಯಿಯನ್ನಲ್ಲ. ಉಸಿರಾಟದ ದಾರಿಯೇ ಬೇರೆ, ಮಾಸ್ಕೇ ಬೇರೆ. ಆದುದರಿಂದ ಮಾಸ್ಕು ಕಳೆದುಹೋದಾಗ ಮುಳುಗುಗಾರನು ದೃಷ್ಟಿಯನ್ನು ಕಳೆದುಕೊಳ್ಳುವನು, ಮೂಗಿನ ರಕ್ಷಣೆಯನ್ನು ಕಳೆದುಕೊಳ್ಳುವನು. ಗಾಳಿಯನ್ನು ಮಾತ್ರ ಕಳೆದುಕೊಳ್ಳುವುದಿಲ್ಲ. ಇಷ್ಟು ಸರಳವಾದ ಸತ್ಯವು ಆ ಕ್ಷಣದಲ್ಲಿ ಮನಸ್ಸಿಗೆ ಹೊಳೆಯದಿರುವುದೇ ಎಲ್ಲ ಅನರ್ಥಕ್ಕೂ ಕಾರಣ.

ದೃಷ್ಟಿ ಏಕೆ ಹೋಗುವುದು? ಒಂದು ಗಾಜಿನ ಭೂತಗನ್ನಡಿಯನ್ನು ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ, ಅದರ ಕೆಳಗೆ ಒಂದು ನಾಣ್ಯವನ್ನಿಟ್ಟು ನೋಡಿ. ಹೊರಗೆ ನಾಣ್ಯವನ್ನು ದೊಡ್ಡದಾಗಿ ತೋರಿಸುತ್ತಿದ್ದ ಗಾಜು ನೀರಿನೊಳಗೆ ತನ್ನ ಬಲವನ್ನು ಬಹುಪಾಲು ಕಳೆದುಕೊಂಡಿರುವುದು. ಲೆಕ್ಕ ಹಾಕಿದರೆ ಅದರ ಸಂಗಮದೂರವು ಸುಮಾರು ನಾಲ್ಕು ಪಟ್ಟು ಹೆಚ್ಚಾಗಿರುವುದು. ಬೆಳಕು ಬಾಗುವುದು ಎರಡು ಮಾಧ್ಯಮಗಳ ವಕ್ರೀಭವನಾಂಕಗಳಲ್ಲಿರುವ ಅಂತರದಿಂದ. ಅಂತರ ಕಡಿಮೆಯಾದಷ್ಟೂ ಬಾಗುವಿಕೆಯೂ ಕಡಿಮೆ. ನಮ್ಮ ಕಣ್ಣಿಗೆ ಆಗುವುದು ಇದಕ್ಕಿಂತಲೂ ಹೆಚ್ಚಿನ ನಷ್ಟ. ಕಣ್ಣಿನ ಒಟ್ಟು ಬಲ ಸುಮಾರು 60 ಡಯಾಪ್ಟರ್. ಅದರಲ್ಲಿ ಸುಮಾರು 43 ಡಯಾಪ್ಟರಿನಷ್ಟನ್ನು ಒದಗಿಸುವುದು ಒಳಗಿನ ಮಸೂರವಲ್ಲ. ಹೊರಗಡೆಯ ಪಾರದರ್ಶಕ ಪೊರೆಯಾದ ಕಾರ್ನಿಯಾ. ಗಾಳಿಯ ವಕ್ರೀಭವನಾಂಕ 1, ಕಾರ್ನಿಯಾದ್ದು ಸುಮಾರು 1.38, ನೀರಿನದು 1.33. ಕಾರ್ನಿಯಾದ ಎದುರು ಗಾಳಿಯಿದ್ದಾಗ ದೊಡ್ಡದಾಗಿದ್ದ ಅಂತರವು ನೀರು ತಗುಲಿದೊಡನೆ ಅಳಿಸಿಹೋದಂತೆಯೇ ಸರಿ. ಕಣ್ಣು ತನ್ನ ಬಲದ ಮೂರರಲ್ಲಿ ಎರಡು ಪಾಲನ್ನು ಒಂದೇ ಕ್ಷಣದಲ್ಲಿ ಕಳೆದುಕೊಳ್ಳುವುದು.

ಇದರ ಪರಿಣಾಮವನ್ನು ಅಂದಾಜು ಮಾಡಬಹುದು. ಕಣ್ಣಪಾಪೆಯ ರಂಧ್ರ 3 ಮಿಲಿಮೀಟರ್ ಅಗಲವಿದ್ದು, ಕೊರತೆ 40 ಡಯಾಪ್ಟರಿನಷ್ಟಿದ್ದರೆ, ಅರ್ಧ ಮೀಟರ್ ದೂರದಲ್ಲಿರುವ ಒಂದು ಚುಕ್ಕೆಯು ಸುಮಾರು 6 ಸೆಂಟಿಮೀಟರ್ ಅಗಲದ ಮಬ್ಬಾಗಿ ಕಾಣುವುದು. ಅಂದರೆ ಬೆರಳುಗಳು ಒಂದರೊಳಗೊಂದು ಬೆರೆತುಹೋಗುವುವು. ಗಾಳಿಯ ಒತ್ತಡ ತೋರಿಸುವ ಮಾಪಕದ ಮುಳ್ಳು ಮಾಯವಾಗುವುದು. ಆದರೆ ಅಂಗೈ ಕಾಣುವುದು, ಪಕ್ಕದ ಮನುಷ್ಯನ ಆಕೃತಿ ಕಾಣುವುದು, ಬೆಳಕು ಯಾವ ಕಡೆಯಿಂದ ಬರುತ್ತಿದೆಯೆಂಬುದೂ ತಿಳಿಯುವುದು. ಮಾಸ್ಕಿಲ್ಲದವನು ಕುರುಡನಲ್ಲ; ಕನ್ನಡಕ ಕಳೆದುಕೊಂಡ ಮುದುಕನಂತೆ. ನೀರಿನೊಳಗೆ ಕಣ್ಣು ತೆರೆಯಲು ಹೆದರುವವರು ಬಹಳ ಮಂದಿ. ಕಡಲಿನ ನೀರಿನಲ್ಲಿ ಉಪ್ಪು ನೂರಕ್ಕೆ ಸುಮಾರು ಮೂರೂವರೆ ಪಾಲು. ಕಣ್ಣೀರಿನಲ್ಲಿ ನೂರಕ್ಕೆ ಒಂದು ಪಾಲಿಗೂ ಕಡಿಮೆ. ಆದ್ದರಿಂದ ಸ್ವಲ್ಪ ಉರಿಯುವುದುಂಟು. ಕೆಲವು ನಿಮಿಷಗಳ ಮಟ್ಟಿಗೆ ಅದು ಸಹಿಸಲಾಗದ್ದೇನಲ್ಲ. ಕಾಂಟ್ಯಾಕ್ಟ್ ಲೆನ್ಸ್ ಧರಿಸಿದವರು ಮಾತ್ರ ಅವು ತೇಲಿಹೋಗದಂತೆ ರೆಪ್ಪೆಗಳನ್ನು ಕಿರಿದಾಗಿಸಿಕೊಳ್ಳಬೇಕು, ಇಲ್ಲವೇ ಮುಚ್ಚಿಕೊಳ್ಳಬೇಕು.

ಇಲ್ಲಿ ಸ್ವಾರಸ್ಯದ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗದು. ಅಂಡಮಾನ್ ಸಮುದ್ರದ ಥೈಲೆಂಡ್ ಕರಾವಳಿಯ ದ್ವೀಪಗಳಲ್ಲಿ ಮೋಕೆನ್ ಎಂಬ ಕಡಲಜನರಿದ್ದಾರೆ. ಇವರ ಮಕ್ಕಳು ಮಾಸ್ಕಿಲ್ಲದೆ ಮುಳುಗಿ ಚಿಪ್ಪು ಮುಂತಾದವನ್ನು ಆರಿಸಿ ತರುವರು. ಸ್ವೀಡನ್ನಿನ ಆನಾ ಯಿಸ್ಲೆನ್ ಎಂಬ ವಿಜ್ಞಾನಿಯು ಇವರನ್ನು ಪರೀಕ್ಷಿಸಿ, ಇವರ ನೀರೊಳಗಿನ ದೃಷ್ಟಿಯು ಯೂರೋಪಿನ ಮಕ್ಕಳದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಸೂಕ್ಷ್ಮವೆಂದು 2003ರಲ್ಲಿ ಪ್ರಕಟಿಸಿದರು. ಗುಟ್ಟೇನೆಂದರೆ, ನೀರಿನೊಳಗೆ ಈ ಮಕ್ಕಳು ಕಣ್ಣಪಾಪೆಯನ್ನು 2 ಮಿಲಿಮೀಟರಿಗಿಂತಲೂ ಕಿರಿದಾಗಿ ಕುಗ್ಗಿಸುತ್ತಾರೆ. ಅದರ ಜೊತೆಗೆ ಒಳಗಿನ ಮಸೂರವನ್ನು ಸಾಧ್ಯವಿದ್ದಷ್ಟು ಉಬ್ಬಿಸುತ್ತಾರೆ. ರಂಧ್ರ ಕಿರಿದಾದಷ್ಟೂ ಮಬ್ಬು ಕಡಿಮೆ. ಸೂಜಿರಂಧ್ರದ ಕ್ಯಾಮರಾ ಮಾಡಿ ನೋಡಿದ ಪ್ರತಿಯೊಬ್ಬ ವಿದ್ಯಾರ್ಥಿಗೂ ಇದು ಗೊತ್ತು. ಯೂರೋಪಿನ ಮಕ್ಕಳೂ ಅಭ್ಯಾಸದಿಂದ ಇದನ್ನು ಸಾಧಿಸಿದರೆಂದು ಅನಂತರದ ಪ್ರಯೋಗಗಳು ತೋರಿಸಿದುವು. ಹುಟ್ಟಿನಿಂದ ಬಂದ ವರವಲ್ಲ, ರೂಢಿ.

ಕಣ್ಣಿನ ಕಥೆ ಹೀಗಾಯಿತು. ಆದರೆ ಮಾಸ್ಕು ಕಳೆದಾಗ ಜನರನ್ನು ಕಂಗೆಡಿಸುವುದು ಮಬ್ಬಲ್ಲ, ಮೂಗು. ಮುಖದ ಮೇಲೆ, ಅದರಲ್ಲಿಯೂ ಮೂಗಿನ ಹೊಳ್ಳೆಗಳ ಒಳಗೆ, ಹಠಾತ್ತನೆ ನೀರು ತಾಗಿದರೆ ಅಲ್ಲಿಯ ನರಗಳು ಮೆದುಳಿಗೆ ಎಚ್ಚರಿಕೆ ಕಳುಹಿಸುವುವು. ಉಸಿರು ತಾನಾಗಿ ಕಟ್ಟುವುದು. ಮುಳುಗಿ ಸಾಯದಂತೆ ಪ್ರಕೃತಿಯು ಕಲ್ಪಿಸಿದ ಏರ್ಪಾಡು ಇದು. ಬಾಯಲ್ಲಿ ಗಾಳಿಯ ಕೊಳವೆ ಕಚ್ಚಿರುವವನಿಗೆ ಇದರ ಅಗತ್ಯವಿಲ್ಲ. ಆದರೆ ನರಗಳಿಗೆ ಆ ಸುದ್ದಿ ಗೊತ್ತಿಲ್ಲ! ಕಟ್ಟಿದ ಉಸಿರು ಬಿಚ್ಚಿಕೊಂಡಾಗ ಕೆಲವರು ಬಾಯಿಯಿಂದ ಎಳೆಯುವುದರ ಬದಲು ಮೂಗಿನಿಂದ ಎಳೆದುಬಿಡುವರು. ನೀರು ಗಂಟಲಿಗೆ ಇಳಿದು ಕೆಮ್ಮು ಬರುವುದು. ಕೆಮ್ಮಿನಿಂದ ಗಾಬರಿ, ಗಾಬರಿಯಿಂದ ಬಾಯಿಯ ರೆಗ್ಯುಲೇಟರನ್ನೇ ಉಗುಳಿಬಿಡುವ ಪ್ರವೃತ್ತಿ.

ಮೂಗಿನಲ್ಲಿ ನೀರಿದ್ದರೂ ಬಾಯಿಂದ ಉಸಿರಾಡಲು ಸಾಧ್ಯವೇ? ಖಂಡಿತ ಸಾಧ್ಯ. ಬಾಯಿಯ ಮೇಲ್ಛಾವಣಿಯ ಹಿಂಭಾಗದಲ್ಲಿ ಕಿರುನಾಲಗೆ ತೂಗುವ ಮೃದುತಾಲು ಎಂಬ ಪರದೆಯೊಂದುಂಟು. ಅದು ಮೇಲೆ ಸರಿದರೆ ಮೂಗಿನ ದಾರಿ ಮುಚ್ಚುವುದು, ಕೆಳಗಿಳಿದರೆ ತೆರೆಯುವುದು. ಓದುಗರು ಈಗಲೇ ಪರೀಕ್ಷಿಸಬಹುದು. ಮೂಗನ್ನು ಬೆರಳುಗಳಿಂದ ಒತ್ತಿ ಹಿಡಿದು ‘ಕಾಕಾ’ ಎನ್ನಿರಿ. ಶಬ್ದವು ಸ್ಪಷ್ಟವಾಗಿಯೇ ಬರುವುದು. ಹಾಗೆಯೇ ಹಿಡಿದು ‘ಮಾಮಾ’ ಎನ್ನಿರಿ. ಅದು ‘ಬಾಬಾ’ ಎಂಬಂತೆ ಕೇಳುವುದು. ನಮ್ಮ ವರ್ಣಮಾಲೆಯ ಅನುನಾಸಿಕಗಳಿಗೆ ಪರದೆ ಇಳಿಯಬೇಕು, ಕಕಾರ ಪಕಾರಗಳಿಗೆ ಅದು ಏರಬೇಕು. ದಿನವೂ ಸಾವಿರಾರು ಸಲ ಅರಿವಿಲ್ಲದೆ ಏರಿಸಿ ಇಳಿಸುವ ಈ ಪರದೆಯನ್ನು ನೀರಿನೊಳಗೆ ಅರಿತು ಏರಿಸಿಡುವುದೇ ಮಾಸ್ಕಿಲ್ಲದ ಉಸಿರಾಟದ ವಿದ್ಯೆ. ಇದು ಕೂಡಲೇ ಕೈಗೂಡದವರಿಗೆ ಒಂದು ಉಪಾಯವಿದೆ. ಅದು ಗಾಣಗಾಪುರದ ಸಂಗಮದಲ್ಲಿ ಅಜ್ಜಂದಿರು ಮಾಡುವುದೇ: ಮೂಗನ್ನು ಬೆರಳಿನಿಂದ ಒತ್ತಿ ಹಿಡಿಯುವುದು. ಹೊಳ್ಳೆ ಮುಚ್ಚಿದರೆ ಒಳಗೆ ನೀರು ನುಗ್ಗದು; ಬಾಯಿ ತನ್ನ ಕೆಲಸವನ್ನು ನಿಶ್ಚಿಂತೆಯಿಂದ ಮಾಡುವುದು. ಸ್ಕೂಬಾ ಶಿಕ್ಷಕರೂ ಹೊಸಬರಿಗೆ ಇದನ್ನೇ ಹೇಳುತ್ತಾರೆ. ಮುಖವನ್ನು ಸ್ವಲ್ಪ ಕೆಳಗೆ ಬಾಗಿಸುವುದೂ ಸಹಾಯಕ. ಬೋರಲು ಹಾಕಿ ಮುಳುಗಿಸಿದ ಲೋಟದೊಳಗೆ ಗಾಳಿ ಸಿಕ್ಕಿಕೊಂಡು ನೀರನ್ನು ತಡೆಯುವಂತೆ, ಹೊಳ್ಳೆಗಳು ಕೆಳಮುಖವಾಗಿದ್ದರೆ ಮೂಗಿನ ಗಾಳಿ ಮೂಗಿನಲ್ಲಿಯೇ ನಿಲ್ಲುವುದು. ಆಕಾಶದ ಕಡೆ ಮುಖವೆತ್ತಿದರೆ ಲೋಟವನ್ನು ನೆಟ್ಟಗೆ ತಿರುಗಿಸಿದಂತೆ.

ಹಾಗಾದರೆ ಅನುಪಯುಕ್ತವಾದ ಎರಡು ರೂಢಿಗಳು ಯಾವುವು? ಉಸಿರು ಬಿಗಿಹಿಡಿಯುವುದು ಮತ್ತು ಥಟ್ಟನೆ ಮೇಲೇಳುವುದು. ಇಲ್ಲಿಯೇ ಬಾಯ್ಲನ ನಿಯಮದ ಪ್ರವೇಶ. ಸ್ಥಿರ ಉಷ್ಣತೆಯಲ್ಲಿ ಅನಿಲದ ಗಾತ್ರವು ಅದರ ಮೇಲಿನ ಒತ್ತಡಕ್ಕೆ ವಿಲೋಮವಾಗಿರುವುದೆಂದು ರಾಬರ್ಟ್ ಬಾಯ್ಲ್ 1662ರಲ್ಲಿ ತೋರಿಸಿದನು. ಕಡಲಿನಲ್ಲಿ ಪ್ರತಿ 10 ಮೀಟರ್ ಆಳಕ್ಕೆ ಸುಮಾರು ಒಂದು ವಾಯುಮಂಡಲದ ಒತ್ತಡ ಹೆಚ್ಚುವುದು. 10 ಮೀಟರ್ ಆಳದಲ್ಲಿ ಅದು ಮೇಲ್ಮೈಯಲ್ಲಿರುವುದರ ಎರಡರಷ್ಟು.

ಬಾವಿಗೆ ಧುಮುಕುವ ಹುಡುಗನು ದಡದಲ್ಲಿ ಎದೆ ತುಂಬ ಉಸಿರೆಳೆದು ಇಳಿಯುವನು. ಆಳಕ್ಕೆ ಹೋದಂತೆ ಅವನ ಎದೆಯ ಗಾಳಿ ಕುಗ್ಗುವುದು. ಮೇಲೆ ಬಂದಂತೆ ಹಿಗ್ಗಿ ಮೊದಲಿನಷ್ಟೇ ಆಗುವುದು. ಮೊದಲಿಗಿಂತ ಹೆಚ್ಚಾಗಲು ಕಾರಣವೇ ಇಲ್ಲ. ಆದ್ದರಿಂದ ಅವನು ಉಸಿರು ಕಟ್ಟಿ ಎಷ್ಟೇ ವೇಗವಾಗಿ ಮೇಲೆದ್ದರೂ ಶ್ವಾಸಕೋಶಕ್ಕೆ ಹಾನಿಯಿಲ್ಲ. ಸ್ಕೂಬಾದವನ ಸ್ಥಿತಿ ಬೇರೆ. ಅವನು ತಳದಲ್ಲಿಯೇ, ಇಮ್ಮಡಿ ಒತ್ತಡದ ಗಾಳಿಯನ್ನು ಎದೆ ತುಂಬ ಎಳೆದಿರುತ್ತಾನೆ. ಅದನ್ನು ಬಿಗಿಹಿಡಿದು ಮೇಲೆ ಬಂದರೆ ಆ ಗಾಳಿ ಎರಡು ಪಟ್ಟು ಹಿಗ್ಗಲು ಹವಣಿಸುವುದು. ಪಕ್ಕೆಲುಬಿನ ಗೂಡು ಅದಕ್ಕೆ ಎಡೆಕೊಡದು. ಶ್ವಾಸಕೋಶದ ನವುರಾದ ಚೀಲಗಳು ಹರಿದು, ಗಾಳಿಯ ಗುಳ್ಳೆಗಳು ರಕ್ತದಲ್ಲಿ ಸೇರಿ, ಹೃದಯದ ಮೂಲಕ ಮೆದುಳಿನ ನಾಳಗಳಿಗೆ ಹೋಗಿ ಅಡ್ಡಗಟ್ಟಬಹುದು. ಪಾರ್ಶ್ವವಾಯುವಿನಂತಹ ಆಘಾತವಾಗಲು ಕೆಲವು ನಿಮಿಷಗಳು ಸಾಕು. ಇದಕ್ಕೆ 10 ಮೀಟರ್ ಆಳವೇ ಬೇಕೆಂದಿಲ್ಲ. ಎದೆ ಪೂರ್ತಿ ತುಂಬಿದ್ದರೆ ಒಂದು, ಒಂದೂವರೆ ಮೀಟರಿನ ಏರಿಕೆಯೂ ಅಪಾಯಕರ. ಮೇಲ್ಮೈಗೆ ಹತ್ತಿರವಾದಂತೆ ಒತ್ತಡದ ಪ್ರಮಾಣ ಬೇಗಬೇಗನೆ ಬದಲಾಗುವುದರಿಂದ ಕೊನೆಯ ಕೆಲವು ಮೀಟರುಗಳೇ ಹೆಚ್ಚು ಕೆಟ್ಟವು. ‘ಇನ್ನೇನು ಬಂದೆ’ ಎಂದುಕೊಳ್ಳುವ ಜಾಗ ಅದು.

ಬಾವಿಯಲ್ಲಿ ಚೆನ್ನಾಗಿ ಪಳಗಿದವನು ನೇತ್ರಾಣಿಯಲ್ಲಿ ಹೆಚ್ಚು ಎಚ್ಚರದಿಂದಿರಬೇಕೆಂದು ನಾನು ಹೇಳುವುದು ಇದಕ್ಕಾಗಿಯೇ. ಈಜು ಬಾರದವನಿಗೆ ಹೆದರಿಕೆಯುಂಟು, ಅವನು ಶಿಕ್ಷಕನ ಕೈ ಬಿಡುವುದಿಲ್ಲ. ಈಜುಗಾರನ ಕೈಕಾಲುಗಳು ಮಾತ್ರ ಅವನನ್ನು ಕೇಳದೆಯೇ ಹಳೆಯ ಪಾಠವನ್ನು ಒಪ್ಪಿಸಿಬಿಡುತ್ತವೆ.

ಮಾಸ್ಕು ಕಳಚುವುದು ಅಪರೂಪದ ದೈವಘಟನೆಯೇನೂ ಅಲ್ಲ. ಮುಂದೆ ಹೋಗುವವನ ಕಾಲಿನ ರೆಕ್ಕೆ ಬಡಿಯಬಹುದು, ಹಳೆಯ ಪಟ್ಟಿ ಹರಿಯಬಹುದು, ದೋಣಿಯಿಂದ ನೀರಿಗೆ ಹಾರುವಾಗ ಕೈಯಿಂದ ಒತ್ತಿ ಹಿಡಿಯದಿದ್ದರೆ ನೀರಿನ ಹೊಡೆತಕ್ಕೇ ಸರಿಯಬಹುದು. ಮೇಲ್ಮೈಯಲ್ಲಿ ತೇಲುವಾಗ ಮಾಸ್ಕನ್ನು ಹಣೆಗೇರಿಸಿಕೊಳ್ಳುವ ಚಟ ಹಲವರಿಗಿದೆ. ಒಂದು ಅಲೆ ಬಂದರೆ ಅದು ಹೋಯಿತೆಂದೇ ತಿಳಿಯಬೇಕು. ಬೇಕಾದರೆ ಕುತ್ತಿಗೆಗೆ ಇಳಿಸಿಕೊಳ್ಳಲಿ. ಮೀಸೆಯವರಿಗೆ ರಬ್ಬರಿನ ಅಂಚು ಸರಿಯಾಗಿ ಕೂರದೆ ನೀರು ಜಿನುಗುವ ತೊಂದರೆ ಬೇರೆ.

ಕಳಚಿತೆನ್ನಿ. ಮೊದಲ ಕೆಲಸ ಮಾಸ್ಕನ್ನು ಹುಡುಕುವುದಲ್ಲ, ರೆಗ್ಯುಲೇಟರನ್ನು ಹಲ್ಲಿನಿಂದ ಭದ್ರವಾಗಿ ಹಿಡಿಯುವುದು. ಒಂದು ಕೈಯನ್ನು ಅದರ ಮೇಲಿಟ್ಟರೂ ಸರಿಯೆ. ಆಮೇಲೆ ಬಾಯಿಯಿಂದ ನಿಧಾನವಾಗಿ ಉಸಿರು ಬಿಡಬೇಕು. ಎಳೆಯುವುದಕ್ಕಿಂತ ಮೊದಲು ಬಿಡುವುದು. ಬಿಟ್ಟರೆ ಮಾತ್ರ ಮುಂದಿನದು ನೆಟ್ಟಗೆ ಬರುವುದು. ಎರಡು ಮೂರು ಉಸಿರುಗಳು ಹೀಗೆ ಸಾಗಿದರೆ, ಗಾಳಿ ಬರುತ್ತಲೇ ಇದೆಯೆಂಬುದನ್ನು ದೇಹವೇ ನಂಬುವುದು, ಎದೆಬಡಿತ ಇಳಿಯುವುದು. ಅನಂತರ ತಲೆಯ ಹಿಂದೆ, ಕುತ್ತಿಗೆಯ ಬಳಿ, ಗಾಳಿಯ ಕೊಳವೆಗಳ ನಡುವೆ ಕೈಯಾಡಿಸಬೇಕು; ಎಷ್ಟೋ ಸಲ ಮಾಸ್ಕು ಅಲ್ಲಿಯೇ ಸಿಕ್ಕಿಕೊಂಡಿರುವುದು. ಗಾಜು ನೀರಿಗಿಂತ ಸುಮಾರು ಎರಡೂವರೆ ಪಟ್ಟು ಸಾಂದ್ರವಾದ್ದರಿಂದ ಬಿಟ್ಟುಹೋದ ಮಾಸ್ಕು ಸಾಮಾನ್ಯವಾಗಿ ತಳಕ್ಕೆ ಇಳಿಯುವುದು. ಕಾಲಬುಡದಲ್ಲಿಯೇ ಮರಳಿದ್ದರೆ ತಡಕಬಹುದು. ಆಳವಾದ ಕಡೆ ಅದರ ಬೆನ್ನು ಹತ್ತುವುದು ಮೂರ್ಖತನ. ಒಂದು ಮಾಸ್ಕಿನ ಬೆಲೆ ಅಷ್ಟಿಲ್ಲ.

ಸಿಕ್ಕಿದ ಮಾಸ್ಕನ್ನು ಧರಿಸಿದಾಗ ಅದರ ತುಂಬ ನೀರಿರುವುದು. ಅದನ್ನು ಹೊರಹಾಕುವ ಕ್ರಮದಲ್ಲಿ ಒಂದು ಅಂದವಾದ ಭೌತಶಾಸ್ತ್ರವಿದೆ. ಗಾಜಿನ ಮೇಲಂಚನ್ನು ಹಣೆಗೆ ಒತ್ತಿ ಹಿಡಿದು, ತಲೆಯನ್ನು ತುಸು ಮೇಲೆತ್ತುತ್ತ, ಮೂಗಿನಿಂದ ಮೆಲ್ಲಗೆ ಉಸಿರು ಬಿಟ್ಟರೆ, ಹಗುರವಾದ ಗಾಳಿಯು ಮಾಸ್ಕಿನ ಮೇಲುಭಾಗದಲ್ಲಿ ಸೇರಿ ನೀರನ್ನು ಕೆಳ ಅಂಚಿನಿಂದ ಹೊರದೂಡುವುದು. ಮೇಲಂಚನ್ನು ಒತ್ತದಿದ್ದರೆ ಗಾಳಿಯೇ ಮೇಲಿನಿಂದ ತಪ್ಪಿಸಿಕೊಳ್ಳುವುದು. ಮಾಸ್ಕಿನೊಳಗೆ ಹಿಡಿಸುವುದು ಸಾಮಾನ್ಯವಾಗಿ ಕಾಲು ಲೀಟರಿನ ಆಸುಪಾಸು. ನಮ್ಮ ಸಾಧಾರಣ ಉಸಿರು ಸುಮಾರು ಅರ್ಧ ಲೀಟರು. ಅಂದಮೇಲೆ ಒಂದು ಉಸಿರಿನಲ್ಲಿ ಕೆಲಸ ಮುಗಿಯುವುದು. ಆಳ ಹೆಚ್ಚಿದರೆ ಹೆಚ್ಚು ಊದಬೇಕಾಗುವುದೋ? ಇಲ್ಲ. ರೆಗ್ಯುಲೇಟರು ಆಯಾ ಆಳದ ಒತ್ತಡದಲ್ಲಿಯೇ ಗಾಳಿ ಕೊಡುವುದರಿಂದ ಎದೆಗೆ 5 ಮೀಟರಿನಲ್ಲಿಯೂ 15 ಮೀಟರಿನಲ್ಲಿಯೂ ಅದೇ ಅರ್ಧ ಲೀಟರು. ಸಿಲಿಂಡರಿನ ಖಜಾನೆಯಿಂದ ಮಾತ್ರ ಹೆಚ್ಚು ಖರ್ಚಾಗುವುದು.

ಇವೆಲ್ಲವೂ ಓದಿ ಬರುವ ವಿದ್ಯೆಯಲ್ಲ. 1966ರಲ್ಲಿ ಸ್ಥಾಪನೆಯಾದ ಪಾಡಿ ಎಂಬ ಶಿಕ್ಷಣಸಂಸ್ಥೆಯ ಮೊದಲ ಹಂತದ ತರಬೇತಿಯಲ್ಲಿ, ವಿದ್ಯಾರ್ಥಿಯು ಮಾಸ್ಕಿಲ್ಲದೆ ಕನಿಷ್ಠ ಒಂದು ನಿಮಿಷ ನೀರಿನೊಳಗೆ ಉಸಿರಾಡಿ ತೋರಿಸಬೇಕು. ಮಾಸ್ಕನ್ನು ಪೂರ್ತಿ ತೆಗೆದು ಮತ್ತೆ ಧರಿಸಿ ನೀರು ಹೊರಹಾಕಬೇಕು. ಆದರೆ ಪ್ರವಾಸಿಗಳು ಒಂದು ಬೆಳಗಿನ ಮಟ್ಟಿಗೆ ಮಾಡುವ ಮುಳುಗಾಟಕ್ಕೆ ಇಷ್ಟು ವ್ಯವಧಾನವಿರುವುದಿಲ್ಲ. ಅಲ್ಲಿ ಶಿಕ್ಷಕನೇ ಪಕ್ಕದಲ್ಲಿದ್ದು ಹಿಡಿದುಕೊಂಡಿರುತ್ತಾನೆ, ನಿಜ. ಹಾಗಿದ್ದರೂ ಆಳಕ್ಕೆ ಹೋಗುವ ಮೊದಲು ಎದೆಮಟ್ಟದ ನೀರಿನಲ್ಲಿ ಮಾಸ್ಕಿಗೆ ನೀರು ತುಂಬಿಸಿ ತೆಗೆಯುವುದನ್ನು ಎರಡು ಸಲವಾದರೂ ಮಾಡಿಸಿರೆಂದು ಕೇಳುವುದು ಪ್ರವಾಸಿಗನ ಹಕ್ಕು. ಅದಕ್ಕೆ ಬೇಸರಿಸುವವರ ಜೊತೆ ಇಳಿಯದಿರುವುದೇ ಲೇಸು. ಮನೆಯಲ್ಲಿಯೂ ಸ್ವಲ್ಪ ಸಿದ್ಧತೆ ಸಾಧ್ಯ. ಒಂದು ಸ್ನಾರ್ಕೆಲ್ ಕೊಳವೆಯನ್ನು ಬಾಯಲ್ಲಿ ಕಚ್ಚಿ, ದೊಡ್ಡ ಬೋಗುಣಿಯ ನೀರಿನಲ್ಲಿ ಮಾಸ್ಕಿಲ್ಲದೆ ಮುಖವಿಟ್ಟು, ಹತ್ತಿರ ಯಾರನ್ನಾದರೂ ಕೂರಿಸಿಕೊಂಡು, ಬಾಯಿಂದಲೇ ಉಸಿರಾಡಿ ನೋಡಬಹುದು. ಮೊದಲ ಸಲ ಹತ್ತು ಎಣಿಸುವುದರೊಳಗೆ ಮುಖ ಎತ್ತುವಿರಿ. ನಾಲ್ಕನೆಯ ದಿನ ನೂರು ಎಣಿಸುವಿರಿ.

ಮಾಸ್ಕು ಸಿಗಲೇ ಇಲ್ಲವಾದರೆ ಮೇಲೆ ಬರುವುದೊಂದೇ ದಾರಿ; ಬರುವ ರೀತಿ ಮುಖ್ಯ. ಜೊತೆಗಾರನ ತೋಳು ಹಿಡಿದು ಮುಖವನ್ನು ತೋರಿಸಿದರೆ ಅವನಿಗೆ ಸಂಗತಿ ತಿಳಿಯುವುದು. ಆಳವನ್ನೂ ಕಾಲವನ್ನೂ ಓದುವ ಹೊಣೆ ಅಲ್ಲಿಂದ ಮುಂದೆ ಅವನದು. ಅನುಭವಸ್ಥರು ಜೇಬಿನಲ್ಲಿ ಇನ್ನೊಂದು ಮಾಸ್ಕನ್ನು ಇಟ್ಟುಕೊಂಡಿರುವುದೂ ಉಂಟು. ದೋಣಿಯ ಲಂಗರಿನ ಹಗ್ಗ ಹತ್ತಿರವಿದ್ದರೆ ಅದನ್ನು ಹಿಡಿದು ಏರುವುದು ಅತ್ಯುತ್ತಮ. ಕಣ್ಣಿನ ಕೆಲಸವನ್ನು ಕೈ ಮಾಡುವುದು. ನಿಮಿಷಕ್ಕೆ 9 ಮೀಟರಿಗಿಂತ ವೇಗ ಬೇಡ. ತಾನು ಬಿಟ್ಟ ಗುಳ್ಳೆಗಳಲ್ಲಿ ಅತಿ ಸಣ್ಣವಕ್ಕಿಂತಲೂ ಮುಂದೆ ಹೋಗದಿದ್ದರೆ ಸರಿ. ಉಸಿರಾಟವನ್ನು ಎಲ್ಲಿಯೂ ನಿಲ್ಲಿಸಕೂಡದು. ಒಬ್ಬನೇ ಇದ್ದು ಮಾಪಕವನ್ನು ಓದಲೇಬೇಕಾಗಿ ಬಂದರೆ, ಅಂಗೈಯನ್ನು ಬೊಗಸೆಯಂತೆ ಕಣ್ಣಿಗೆ ಮುಚ್ಚಿ ಅದರೊಳಗೆ ತನ್ನ ಉಸಿರಿನ ಗುಳ್ಳೆಗಳನ್ನು ಹಿಡಿದರೆ, ಕಾರ್ನಿಯಾದ ಎದುರು ಒಂದು ಕ್ಷಣ ಗಾಳಿ ನಿಲ್ಲುವುದು. ಆ ಕ್ಷಣದಲ್ಲಿ ಕಣ್ಣಿಗೆ ಅದರ 43 ಡಯಾಪ್ಟರು ಮರಳಿ ಬರುವುದು. ಸುಲಭವಲ್ಲ, ಅಭ್ಯಾಸ ಬೇಕು.

ಮೇಲ್ಮೈಗೆ ಬಂದ ಮೇಲೂ ರೆಗ್ಯುಲೇಟರನ್ನು ಕೂಡಲೇ ಉಗುಳಬಾರದು. ಮೊದಲು ಮೈಮೇಲಿನ ತೇಲುಕವಚಕ್ಕೆ ಗಾಳಿ ತುಂಬಿ, ತಲೆ ನೀರಿನಿಂದ ಮೇಲೆ ನಿಂತಿತೆಂಬುದು ಖಚಿತವಾಗಬೇಕು. ಮಾಸ್ಕಿಲ್ಲದ ಮೂಗಿಗೆ ಅಲೆಯ ನೀರು ಇಲ್ಲಿಯೇ ಹೆಚ್ಚು ಬಡಿಯುವುದು. ದೋಣಿ ಹತ್ತಿದವರು ಸಿಹಿನೀರಿನಿಂದ ಕಣ್ಣು ಮೂಗುಗಳನ್ನು ತೊಳೆದುಕೊಂಡರಾಯಿತು. ತಲೆ ಬಗ್ಗಿಸಿದಾಗ ಮೂಗಿನಿಂದ ಉಪ್ಪುನೀರು ಸಂಜೆಯವರೆಗೂ ಆಗೀಗ ತೊಟ್ಟಿಕ್ಕುತ್ತಿರುವುದು. ಅದಕ್ಕೆ ಗಾಬರಿಪಡಬೇಕಾದುದಿಲ್ಲ.